ಸ್ಪ್ರೇ ಕೋಣೆಗೆ ಇಳಿದ ಮೇಜು

ಬಹ್ರೇನಿನ ಟುಬ್ಲಿಯ ಆ ಫರ್ನಿಚರ್ ವರ್ಕ್‌ಶಾಪಿಗೆ ಫ್ಲೆನ್ಸಿ ಕಾಲಿಟ್ಟಾಗ ಥಿನ್ನರಿನ ವಾಸನೆ ಮೂಗಿಗೆ ಅಡರಿತು. ಅವಳ ತಮ್ಮ ಲಿಯೋನ್ ಆರು ವರ್ಷ ಇದೇ ವಾಸನೆ ಕುಡಿದಿದ್ದ. ಕಿಟಕಿಯಿಲ್ಲದ ಕೋಣೆಯಲ್ಲಿ ಕಪಾಟುಗಳಿಗೆ ಪಾಲಿಶ್ ಸ್ಪ್ರೇ ಮಾಡುವ ಕೆಲಸ. ಕೆಮ್ಮು ಬಿಡದೆ ಅವನೊಮ್ಮೆ ಫ್ಯಾನ್ ಕೇಳಿದಾಗ ಮ್ಯಾನೇಜರ್ ಜಯಪಾಲ, "ದಿನಾ ಒಂದು ತುಂಡು ಬೆಲ್ಲ ತಿನ್ನು, ಹೋಗ್ತದೆ" ಎಂದು ಎಲ್ಲರೆದುರು ನಕ್ಕಿದ್ದರು. ಈಗ ಲಿಯೋನ್ ಕಿನ್ನಿಗೋಳಿಯ ಮನೆಯಿಂದ ಬಸ್‌ಸ್ಟಾಪಿಗೆ ನಡೆಯುವಷ್ಟರಲ್ಲಿ ಮೂರು ಸಲ ಕೂರುತ್ತಾನೆ. ವಯಸ್ಸು ಮೂವತ್ತಮೂರು.

ಬಹ್ರೇನಿನಲ್ಲೇ ನರ್ಸಾಗಿದ್ದ ಫ್ಲೆನ್ಸಿ ಅವನನ್ನು ಊರಿನ ವಿಮಾನ ಹತ್ತಿಸಿದ ವರ್ಷವೇ ಸೇಫ್ಟಿ ಕೋರ್ಸಿಗೆ ಸೇರಿದಳು. ಕೆಲಸದ ಜಾಗಗಳ ಆರೋಗ್ಯ ತಪಾಸಣೆ ಮಾಡುವ ಕಂಪನಿಯೊಂದನ್ನು ಸೇರಿ ಕಾದಳು. ಹೋಟೆಲಿನ ದೊಡ್ಡ ಆರ್ಡರಿಗಾಗಿ ಈ ವರ್ಕ್‌ಶಾಪಿನವರು ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ, ಆ ಫೈಲನ್ನು ತಾನೇ ಕೇಳಿ ಪಡೆದಳು.

ಗಂಡನ ಹೆಸರು ಸೇರಿಸಿಕೊಂಡಿದ್ದ ಅವಳ ಗುರುತು ಜಯಪಾಲರಿಗೆ ಹತ್ತಲಿಲ್ಲ. "ನಮ್ಮ ಊರಿನ ಕಡೆಯವರೇ ಅಲ್ವಾ ಮೇಡಂ? ಮತ್ತೆಂತ, ಸುಮ್ಮನೆ ಒಂದು ಸೈನ್ ಹಾಕಿಬಿಡಿ."

ಫೇಲ್ ಮಾಡುವುದು ಕಷ್ಟವಿರಲಿಲ್ಲ. ಆದರೆ ವರ್ಕ್‌ಶಾಪ್ ಮುಚ್ಚಿದರೆ ಸ್ಪ್ರೇ ಗನ್ ಹಿಡಿದು ಕೆಮ್ಮುತ್ತಿದ್ದ ಅಬ್ದುಲ್ ಲತೀಫನಂಥವರೇ ಊರಿಗೆ ಹೋಗಬೇಕು, ಜಯಪಾಲರಲ್ಲ. ಫ್ಲೆನ್ಸಿ ಸರ್ಟಿಫಿಕೇಟಿಗೆ ಹನ್ನೊಂದು ಷರತ್ತು ಬರೆದಳು. ಒಂಬತ್ತನೆಯದು: ಗಾಳಿಯ ಅಳತೆ ಸತತ ಆರು ತಿಂಗಳು ಸರಿ ಬರುವವರೆಗೆ ಮ್ಯಾನೇಜರರ ಮೇಜು ಮಹಡಿಯ ಆಫೀಸಿನಿಂದ ಇಳಿದು ಸ್ಪ್ರೇ ಕೋಣೆಯೊಳಗೇ ಇರಬೇಕು. ಜಯಪಾಲ ಓದದೆ ಸಹಿ ಹಾಕಿದರು. ಬಹ್ರೇನಿ ಮಾಲೀಕರು ಮಾತ್ರ ಪೂರ್ತಿ ಓದಿದರು. "ಖಲಾಸ್, ಮಾತು ಮುಗೀತು. ಮೇಜು ಇವತ್ತೇ ಇಳಿಯಲಿ" ಎಂದರು.

ಮೇಜು ಇಳಿಯಿತು. ಕೆಲಸಗಾರರಿಗೆ ಕೊಡುತ್ತಿದ್ದ ತೆಳು ಬಟ್ಟೆಯ ಮಾಸ್ಕೇ ಜಯಪಾಲರಿಗೂ ಸಿಕ್ಕಿತು. ಮೂರನೆಯ ದಿನ ಅವರ ಕಣ್ಣು ಕೆಂಪಾಯಿತು. ಐದನೆಯ ದಿನ, ಇಷ್ಟು ವರ್ಷ ಆಗದ ಎಕ್ಸಾಸ್ಟ್ ಫ್ಯಾನುಗಳು ಗೋಡೆ ಕೊರೆದು ಕೂತವು. ವಾರ ಕಳೆಯುವುದರೊಳಗೆ ಎಲ್ಲರಿಗೂ ಒಳ್ಳೆಯ ಮಾಸ್ಕ್, ಗಂಟೆಗೊಮ್ಮೆ ವಿರಾಮ.

ಮರುತಪಾಸಣೆಗೆ ಬಂದ ಫ್ಲೆನ್ಸಿಯ ಎದುರು ಜಯಪಾಲ ಎದ್ದು ನಿಂತರು. "ಗಾಳಿ ಸರಿಯಾಯ್ತಲ್ಲ ಮೇಡಂ. ಇನ್ನು ಮೇಲೆ ಹೋಗಬಹುದಾ? ರಾತ್ರಿಯೆಲ್ಲ ಎದೆ ಉರಿ ಉಂಟು."

"ಆರು ತಿಂಗಳು ಅಂತ ಬರೆದಿದೆ. ಆಗಿರೋದು ಹದಿನೈದು ದಿನ."

"ನಿಮಗೆ ನಾನು ಎಂತ ಮಾಡಿದ್ದೇನೆ?"

"ಲಿಯೋನ್ ನನ್ನ ತಮ್ಮ."

ಜಯಪಾಲ ಕುರ್ಚಿಗೆ ಕೈಯಾನಿಸಿ ಮೆಲ್ಲನೆ ಕೂತರು. ಪಕ್ಕದಲ್ಲಿ ಅಬ್ದುಲ್ ಲತೀಫ್ ತಲೆಯೆತ್ತದೆ ಸ್ಪ್ರೇ ಮಾಡುತ್ತಲೇ ಇದ್ದ.

ಹಮದ್ ಟೌನಿನ ತನ್ನ ಮನೆಗೆ ಮರಳಿದವಳೇ ಫ್ಲೆನ್ಸಿ ತಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಪಾಪ ಅನ್ನಿಸಬೇಕಿತ್ತೇನೋ, ಅವಳಿಗೆ ಅನ್ನಿಸಲಿಲ್ಲ. ಆ ಕಡೆ ಅವನು ಕೆಮ್ಮಿ, ಉಸಿರೆಳೆದುಕೊಂಡ.

"ಅವರು ಅಲ್ಲಿ ಕೂತ ಫೋಟೋ ಉಂಟಾ?" ಎಂದ ಲಿಯೋನ್.

"ನಾಲ್ಕು ಉಂಟು. ಕಳಿಸ್ತೇನೆ."