ಕೆಲೆಪಿಯ ಚಾಪೆ

"ಕೂದ್ಲು ಕಟ್ಟೇ, ದರಿದ್ರ ಮುಂಡೆ. ನಿನ್ ಕೂದ್ಲು ಉದುರಿದ ದ್ರಾಕ್ಷಿ ಯಾವನು ತಿಂತಾನೆ, ನಿಮ್ಮಪ್ಪನಾ?"

ತೋಟದ ಒಡೆಯ ಗ್ರೇಮ್ ಜೀಪಿನಿಂದ ಇಳಿಯದೆಯೇ ಬೈದ. ಅಕನೇಸಿ ಗೊಂಚಲು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಕೆಲೆಪಿ ಸತ್ತ ದಿನದಿಂದ ಅವಳು ತಲೆ ಕಟ್ಟಿರಲಿಲ್ಲ. ಅವನು ಅವಳ ಅಪ್ಪನ ಅಕ್ಕನ ಮಗ, ಅವರ ಕಡೆ ಅಣ್ಣನೇ. ಅವರು ಕೂಲಿಗೆಂದು ಬಿಟ್ಟುಬಂದ ದ್ವೀಪ ಟೋಂಗಾದಲ್ಲಿ ಸೋದರತ್ತೆಯ ಮಕ್ಕಳೆಂದರೆ ಮೇಲಿನವರು. ಅವರು ಸತ್ತರೆ ಕೆಳಗಿನವರು ಕೂದಲು ಬಿಚ್ಚಿ, ಹರಕು ಚಾಪೆ ಸುತ್ತಿಕೊಂಡು ಹೆಣದ ಬಳಿ ಇರಬೇಕು. ಇಲ್ಲಿ ಕಣ್ಣೆದುರು ಹೆಣವೂ ಇಲ್ಲ, ಕೂತು ಅಳಲು ಬಿಡುವೂ ಇಲ್ಲ. ಕೂದಲನ್ನಾದರೂ ಬಿಟ್ಟುಕೊಂಡಿದ್ದಳು.

ಗ್ರೇಮ್ ಹಣ್ಣಿನ ಪೆಟ್ಟಿಗೆಗೆ ಅಂಟಿಸುವ ಟೇಪಿನ ಸುರುಳಿಯನ್ನು ಅವಳ ಕಾಲ ಬಳಿ ಎಸೆದ. ಅದರಿಂದಲೇ ಕಟ್ಟಿಕೊಳ್ಳಬೇಕಂತೆ. ಸಾಲಿನವರೆಲ್ಲ ನೋಡುತ್ತಿರುವಾಗಲೇ ಅವಳು ಟೇಪು ಸುತ್ತಿಕೊಂಡಳು. ಕೂದಲು ಜಗ್ಗಿ ಕಣ್ಣಲ್ಲಿ ನೀರು ಬಂತು. ಅವನು ಅದನ್ನೂ ನೋಡಿಕೊಂಡೇ ಜೀಪು ತಿರುಗಿಸಿದ.

ಕೆಲೆಪಿ ಬಿದ್ದದ್ದು ಇದೇ ಸಾಲಿನಲ್ಲಿ. ಬಳ್ಳಿ ಹಬ್ಬಿಸಿದ ತಂತಿ ಮುಟ್ಟಿದರೆ ಕೈ ಸುಡುವಂಥ ಬಿಸಿಲು ಅವತ್ತು. ತಲೆ ಸುತ್ತುತ್ತಿದೆ, ನೆರಳಿಗೆ ಹೋಗುತ್ತೇನೆ ಎಂದ. ಅವರ ನಾಡಿನವನೇ ಆದ ಮೇಸ್ತ್ರಿ ಫೆಲೇಟಿ ಒಡೆಯನನ್ನು ಕೇಳಲು ಹೋದವನು, ನಾಟಕ ಸಾಕಂತೆ, ಲಾರಿ ಕಾಯುತ್ತಿದೆಯಂತೆ ಎಂಬ ಉತ್ತರ ತಂದ. ಸಂಜೆ ಎತ್ತಿಕೊಳ್ಳುವಾಗ ಕೆಲೆಪಿಯ ಬಾಯಲ್ಲಿ ಮಣ್ಣಿತ್ತು.

ಈಗ ಅವನು ಇಲ್ಲಿನ ಊರಿನ ಸಣ್ಣ ಆಸ್ಪತ್ರೆಯಲ್ಲಿ, ಹೆಣ ಇಡುವ ತಂಪು ಪೆಟ್ಟಿಗೆಯೊಳಗೆ ಮಲಗಿದ್ದ. ಅವನ ತಾಯಿ, ಅಕನೇಸಿಯ ಸೋದರತ್ತೆ, ಟೋಂಗಾದಿಂದ ದಿನವೂ ಫೋನು ಮಾಡುತ್ತಿದ್ದಳು. "ಮಣ್ಣು ಮಾಡಾಕ್ ಮುಂಚೆ ಒಂದ್ಸಲ ಮುಖಕ್ಕೆ ಮುತ್ತಿಡಬೇಕು ಕಣವ್ವಾ. ಕೆಟ್ಟೋಗೋದ್ರೊಳಗೆ ತಂದ್ಕೊಡೆ." ಹೆಣ ಟೋಂಗಾಕ್ಕೆ ಹೋಗಬೇಕಾದರೆ ಕೆಲಸಕ್ಕೆ ಕರೆಸಿದ ಗ್ರೇಮ್ ಒಪ್ಪಿ ಕಾಗದಕ್ಕೆ ಸಹಿ ಹಾಕಬೇಕಿತ್ತು. ಅವನು ಸುಗ್ಗಿ ಮುಗಿಯಲಿ ಎನ್ನುತ್ತಿದ್ದ. ಸತ್ತವನಿಗೇನು ಅವಸರ ಎಂದೂ ಕೇಳಿದ್ದನಂತೆ.

ಊಟದ ಹೊತ್ತಿಗೆ ಫೆಲೇಟಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಭಾನುವಾರ ಪ್ರಾರ್ಥನೆ ನಡೆಸುವವನೂ ಅವನೇ. ಕೆಟ್ಟ ಸುದ್ದಿ ತಂದಾಗಲೆಲ್ಲ ದನಿಗೆ ಬೆಣ್ಣೆ ಸವರಿಕೊಂಡು ಬರುತ್ತಿದ್ದ.

"ಶನಿವಾರ ಊರ ಹಾಲ್‌ನಾಗೆ ದೊಡ್ಡೂಟ ಐತೆ ಕಣಮ್ಮಾ. ರಾಜಧಾನಿಯಿಂದ ಅಧಿಕಾರಿ ಬತ್ತಾನೆ. ಹೊರಗ್ನೋರು ಬಂದ್ರೆ ದೇಶಕ್ಕೆ ಲಾಭವೋ ನಷ್ಟವೋ ಅಂತ ಭಾಷಣ. ಆಮ್ಯಾಕೆ ನೀವು ಹೆಂಗಸ್ರು ಕುಣೀಬೇಕಂತೆ."

"ಹೆಣ ಅಲ್ಲಿ ಮರಗಟ್ಟೈತೆ. ನಾನಿಲ್ಲಿ ಕುಣೀಲಾ, ಫೆಲೇಟಿಯಣ್ಣ?"

"ಕುಣುದ್ರೆ ಒಡೆಯ ಸೋಮವಾರ ಹೆಣ ಕಳುಸ್ತಾನಂತೆ."

"ಕುಣೀದಿದ್ರೆ?"

ಫೆಲೇಟಿ ಅವಳ ಡಬ್ಬಿಯಿಂದಲೇ ಗೆಣಸಿನ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. "ಸತ್ತೋನ ಸುದ್ದಿ ಮಾತ್ರ ಎತ್ತಬ್ಯಾಡ್ರಿ. ನಿಮ್ ಚಾಪೆ ಗೀಪೆ ಸೊಂಟಕ್ಕೆ ಸುತ್ಕೊಂಡು ಚೆಂದಾಗಿ ಬನ್ನಿ ಅಂದವ್ನೆ."

ಎದುರಿಗಿದ್ದ ಮುದುಕಿ ಲುಸೇನೆ ಉಗಿದಳು. "ಥೂ, ನಿನ್ ಬಾಯಿಗೆ ಹುಳ ಬೀಳ. ಅದೇ ಬಾಯಾಗೆ ಯೇಸು ಹೆಸ್ರು ಹೆಂಗ್ ಬತ್ತದಲಾ?"

"ಬಿಡಜ್ಜಿ," ಎಂದಳು ಅಕನೇಸಿ. "ಚಾಪೆ ತಾನೆ ಕೇಳಿದ್ದು? ಸುತ್ಕೊಂಡೇ ಹೋಗಾಣ."

ಶನಿವಾರ ಹಬ್ಬಕ್ಕೆ ಸುತ್ತುವ ನಯವಾದ ಚಾಪೆಗಳನ್ನು ಯಾರೂ ಹೊರಗೆ ತೆಗೆಯಲಿಲ್ಲ. ಹಾಸಿ ಮಲಗುತ್ತಿದ್ದ ಹಳೆಯ ಚಾಪೆಗಳನ್ನೇ ಎತ್ತಿಕೊಂಡರು. ಅಂಚು ಹರಿದು, ಬೆವರು ಕುಡಿದು ನಾರುತ್ತಿದ್ದ ಚಾಪೆಗಳು. ಮೊಣಕಾಲಿನಿಂದ ಎದೆಯವರೆಗೆ ಬರುವಂತೆ ಸುತ್ತಿ ಹಗ್ಗ ಬಿಗಿದರು. ಲುಸೇನೆ ಅಕನೇಸಿಯ ತಲೆಯ ಟೇಪನ್ನು ಕತ್ತರಿಸಿದಳು. ಜೊತೆಗೆ ಒಂದು ಹಿಡಿ ಕೂದಲೂ ಬಂತು.

ಊರ ಹಾಲ್‌ನ ಬಾಗಿಲಾಚೆ ನಿಂತಾಗ ಸುಟ್ಟ ಕುರಿಮಾಂಸದ ವಾಸನೆ ಮೂಗಿಗೆ ಅಡರಿತು. ಅಧಿಕಾರಿ ಮಾತಾಡುತ್ತಿದ್ದ. ಅಕನೇಸಿಗೆ ಅವನ ಭಾಷೆ ಅಷ್ಟೋ ಇಷ್ಟೋ ತಿಳಿಯುತ್ತಿತ್ತು. ಬರುವವರನ್ನು ಹೆತ್ತು, ಸಾಕಿ, ಓದಿಸುವ ಖರ್ಚು ಅವರ ದೇಶದ್ದು. ಮೈ ಗಟ್ಟಿಯಿರುವ ಕಾಲದ ದುಡಿಮೆ ನಮ್ಮದು. ಮುಪ್ಪಾಗುವ ಮೊದಲೇ ಹೊರಟುಹೋಗುತ್ತಾರೆ. ಆದ್ದರಿಂದ ದೇಶಕ್ಕೆ ಲಾಭವೇ ಎಂದ. ಎತ್ತಿನ ಸಂತೆಯಲ್ಲಿ ಹಲ್ಲು ನೋಡುವವನು ಕೂಡ ಇಷ್ಟು ನಿರ್ಲಜ್ಜವಾಗಿ ಮಾತಾಡುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಲಾಭ ಗ್ರೇಮ್‌ಗೆ ಸ್ವಾಮಿ. ನಮಗೇನು? ನಮ್ಮಮ್ಮಂಗೆ ಆಸ್ಪತ್ರೇಲಿ ಜಾಗ ಇಲ್ಲ. ಇವ್ರೇ ತುಂಬ್ಕೊಂಡವ್ರೆ."

"ಸುಗ್ಗಿ ಮುಗಿದ್ಮೇಲೆ ಒಬ್ರೂ ಉಳಿಯಲ್ಲ. ಅದು ನನ್ ಗ್ಯಾರಂಟಿ," ಎಂದ ಗ್ರೇಮ್. ಸಭೆಯೆಲ್ಲ ನಕ್ಕಿತು.

ಹೆಂಗಸರು ಒಳಗೆ ಬಂದಾಗ ನಗು ನಿಂತಿತು. ಫೆಲೇಟಿ ಆ ಚಾಪೆಗಳನ್ನೂ ಬಿಚ್ಚಿದ ಕೂದಲನ್ನೂ ಕಂಡ. ಅವನ ಮುಖ ಕಪ್ಪಿಟ್ಟಿತು. ಸಾವಿನ ಮನೆಯ ಉಡುಪು ಯಾವುದೆಂದು ಟೋಂಗಾದ ಎಳೆ ಮಗುವಿಗೂ ಗೊತ್ತು.

"ಏನಿದು, ಇಷ್ಟು ಕೊಳಕು?" ಗ್ರೇಮ್ ಹಲ್ಲು ಕಚ್ಚಿ ಕೇಳಿದ.

"ಸುಗ್ಗಿ ಹಬ್ಬದ ಉಡುಪು, ಬುದ್ಧಿ," ಎಂದ ಫೆಲೇಟಿ. "ಹಳೇದಾದಷ್ಟೂ ಶುಭ."

ಚಪ್ಪಾಳೆ ಬಿತ್ತು. ಅಧಿಕಾರಿಯ ಹೆಂಡತಿ ಎದ್ದು ಬಂದು ಲುಸೇನೆಯ ಚಾಪೆಯ ಹರಕು ಅಂಚನ್ನು ಬೆರಳಲ್ಲಿ ಸವರಿ, ಎಷ್ಟು ಸೊಗಸಾಗಿದೆ ಎಂದಳು. ಫೋಟೋ ತೆಗೆಸಿಕೊಂಡಳು. ಲುಸೇನೆ ಅವಳ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದು, ಆಮೇಲೆ ಕಣ್ಣು ಮುಚ್ಚಿ ಶೋಕದ ರಾಗ ಎತ್ತಿದಳು. ಉಳಿದವರು ದನಿಗೂಡಿಸಿದರು. ಹೆಣದ ತಲೆಯ ಬಳಿ ಹಾಡುವ ಹಾಡು ಅದು. ಊಟಕ್ಕೆ ಕೂತವರು ಬೂಟುಗಾಲಿನಿಂದ ನೆಲ ಬಡಿದು ತಾಳ ಹಾಕಿದರು. ಒಬ್ಬ ಮುದುಕ ಗ್ಲಾಸು ಹಿಡಿದು ಸೊಂಟ ಕುಲುಕಿಸುತ್ತ ಬಂದ. ಹಾಡು ಮುಗಿದಾಗ ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕೂಗಿದರು.

ಅಕನೇಸಿ ಹಗ್ಗ ಬಿಚ್ಚಿದಳು. ತನ್ನ ಚಾಪೆಯನ್ನು ಅಧಿಕಾರಿಯ ಮೇಜಿನ ಮುಂದೆ ಉದ್ದಕ್ಕೆ ಹಾಸಿ, ಹೆಣದ ಕಾಲು ಬರುವ ತುದಿಯಲ್ಲಿ ಕೂತಳು.

"ಇದು ಯಾರ್ ಜಾಗ ಅಂತ ಹೇಳೋ, ಫೆಲೇಟಿ."

ಫೆಲೇಟಿ ಸೂರು ನೋಡಿದ. ಅವಳೇ ಬಂದಷ್ಟು ಅವರ ಭಾಷೆಯಲ್ಲಿ ಹೇಳಿದಳು. "ಕೆಲೆಪಿ. ನನ್ ಅಣ್ಣ. ದ್ರಾಕ್ಷಿ ಕೀಳ್ತಾ ಸತ್ತ. ನಿಮ್ಮ ಆಸ್ಪತ್ರೆ, ಪೆಟ್ಟಿಗೆ ಒಳಗೆ. ತಾಯಿ ಕಾಯ್ತಾಳೆ. ಈ ಮನುಷ್ಯ ಕಳಿಸಲ್ಲ."

ಅಧಿಕಾರಿ ಬಾಯಿ ಒರೆಸಿಕೊಂಡ. "ಯಾರಾದರೂ ಸತ್ತಿದ್ದಾರೇನ್ರಿ, ಗ್ರೇಮ್?"

"ಬಿಸಿಲಿಗೆ ಇವಳ ತಲೆ ಕೆಟ್ಟಿದೆ ಸಾರ್." ಗ್ರೇಮ್ ನಗುತ್ತಲೇ ಎದ್ದು ಬಂದ. ಚಾಪೆ ಮೆಟ್ಟಿ ನಿಂತು ಅವಳ ಕಿವಿಯ ಬಳಿ ಬಗ್ಗಿದ. "ಏಳೇ ಹಾದರಗಿತ್ತಿ. ಇನ್ನು ಸೋಮವಾರವೂ ಇಲ್ಲ, ಯಾವ ವಾರವೂ ಇಲ್ಲ. ಅಲ್ಲೇ ಕೊಳೀಲಿ ಅವನು."

ಅಕನೇಸಿ ಎರಡೂ ಕೈಯಿಂದ ಅವನ ಕಾಲು ಹಿಡಿದಳು.

"ಪಾಪ, ಕ್ಷಮೆ ಕೇಳ್ತಿದಾಳೆ," ಎಂದಳು ಅಧಿಕಾರಿಯ ಹೆಂಡತಿ.

ದ್ರಾಕ್ಷಿ ಪೆಟ್ಟಿಗೆ ಹೊತ್ತು ಹುರಿಗೊಂಡ ಕೈಗಳು. ಒಂದೇ ಸಲ ಎಳೆದಳು. ಗ್ರೇಮ್ ಮೇಜುಬಟ್ಟೆಗೆ ಕೈ ಹಾಕಿ, ತಟ್ಟೆ ಮಾಂಸಗಳ ಸಮೇತ ಚಾಪೆಯ ಮೇಲೆ ಅಂಗಾತ ಬಿದ್ದ. ಅವನು ಉಸಿರು ತೆಗೆದುಕೊಳ್ಳುವುದರೊಳಗೆ ಲುಸೇನೆ ಅವನ ತೋಳಿನ ಮೇಲೇ ಕೂತಳು. ಉಳಿದ ಹೆಂಗಸರು ಬಂದು ಸುತ್ತಲೂ ಕೂತರು, ಹೆಣದ ಸುತ್ತ ಕೂರುವ ಹಾಗೆಯೇ, ಕೂದಲು ಮುಂದಕ್ಕೆ ಚೆಲ್ಲಿಕೊಂಡು.

"ಕೆಲೆಪಿ ಬರೋಗಂಟ ನೀನೇ ಬಿದ್ದಿರೋ, ಬೋಳಿಮಗನೆ," ಎಂದಳು ಅಕನೇಸಿ. ಅವಳು ಕಾಲು ಬಿಟ್ಟಿರಲಿಲ್ಲ. ಲುಸೇನೆ ಅವನ ಮುಖ ನೋಡುತ್ತ ಮೊದಲಿನಿಂದ ರಾಗ ಎತ್ತಿದಳು.