ಬಂದವರಿಗೆ ಕೊಡುವ ನೀರು

ಸೆರ್ವಾ ಮೊದಲ ಸಲ ಕೊನಾಡು ಎಂಬ ಅಜ್ಜಿಯ ಮನೆಗೆ ಹೋದಾಗ ಎಲ್ಲವೂ ಪದ್ಧತಿಯಂತೆಯೇ ನಡೆಯಿತು. ಅಜ್ಜಿ ಕೂರಿಸಿದಳು. ತಟ್ಟೆಯ ಮೇಲೆ ಲೋಟವಿಟ್ಟು ಬಲಗೈಯಿಂದ ನೀರು ಕೊಟ್ಟಳು. ಕುಡಿದು ಮುಗಿಸುವ ತನಕ ಸುಮ್ಮನಿದ್ದು ಆಮೇಲೆ, "ಇಲ್ಲಿ ಎಲ್ಲಾ ಕ್ಷೇಮ. ನೀವು ಬಂದ ಕಾರಣ ಹೇಳಿ" ಎಂದಳು. ಘಾನಾದ ಕುಮಾಸಿಯಲ್ಲಾಗಲಿ, ಅಮೆರಿಕದ ಈ ಹಿಮ ಸುರಿಯುವ ವೂಸ್ಟರಿನಲ್ಲಾಗಲಿ, ನಮ್ಮವರ ಮನೆಯಲ್ಲಿ ನೀರಿಗಿಂತ ಮೊದಲು ಮಾತಿಲ್ಲ. ಬೇಡವೆಂದರೆ ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡು ಬಂದಿದ್ದೀರಿ ಎಂದೇ ಲೆಕ್ಕ. ಸೆರ್ವಾ ಪೂರ್ತಿ ಕುಡಿದಳು. ಚರ್ಚಿನಲ್ಲಿ ನಿಮ್ಮ ಹೆಸರು ಹೇಳಿದರು, ನೋಡಿಕೊಂಡು ಹೋಗೋಣವೆಂದು ಬಂದೆ, ಕೆಟ್ಟ ಸುದ್ದಿ ಏನೂ ಇಲ್ಲ ಎಂದಳು.

ಮೂರನೆಯ ಶನಿವಾರ ಹೋಗಿ ಕೂತರೆ ಅಜ್ಜಿ ಅಲ್ಲಾಡಲೇ ಇಲ್ಲ.

"ಏನು, ನಾನು ಎದ್ದು ತಂದ್ಕೊಡ್ಬೇಕಾ? ನಲ್ಲಿ ಎಲ್ಲಿದೆ ಗೊತ್ತಿಲ್ವಾ ನಿಂಗೆ?"

ಸೆರ್ವಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಆ ಸದ್ದಿನಲ್ಲಿ ಅತ್ತುಬಿಟ್ಟಳು. ಈ ದೇಶಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನದಲ್ಲಿ ಯಾರೂ ಅವಳನ್ನು ಹೀಗೆ ಮನೆಯ ಮಗುವಿನಂತೆ ಗದರಿಸಿರಲಿಲ್ಲ. ಅವಳಿದ್ದುದು ಒಂದು ಮನೆಯ ನೆಲಮಾಳಿಗೆಯ ಕೋಣೆ. ಅದೇ ಮನೆಯಲ್ಲಿ ಇನ್ನೂ ನಾಲ್ವರಿದ್ದರು, ಎಲ್ಲರೂ ಪಾಳಿ ಕೆಲಸದವರು. ಬಾಗಿಲ ಬಳಿಯ ಬೂಟುಗಳಿಂದ ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ತಿಳಿಯುತ್ತಿತ್ತೇ ಹೊರತು ಮುಖಗಳು ಸಿಗುತ್ತಿರಲಿಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಪ್ಲಾಸ್ಟಿಕ್ಕಿನ ಗೊಂಬೆಗೆ ಸ್ನಾನ ಮಾಡಿಸುವುದನ್ನು ಕಲಿಸುತ್ತಿದ್ದರು. ಆ ಶನಿವಾರದಿಂದ ಅವಳು ಅದನ್ನೇ ಅಜ್ಜಿಯ ಜೀವವಿರುವ ಮೈಗೆ ಮಾಡತೊಡಗಿದಳು. ಅಜ್ಜಿಯ ಮಗ ಒಪ್ಪಾಂಗ್ ಲಾರಿ ಓಡಿಸುವವನು, ಒಳ್ಳೆಯವನೇ, ಆದರೆ ಹೆತ್ತ ತಾಯಿಯ ಮೈ ತೊಳೆಯುವುದು ಮಗನಿಂದಾಗುವ ಕೆಲಸವಲ್ಲ. ಸೆರ್ವಾ ಊರಿನಲ್ಲಿ ಮೈಯುಜ್ಜಲು ಬಳಸುವ ಉದ್ದನೆಯ ನೈಲಾನ್ ಬಲೆಗೆ ಸೋಪು ಹಚ್ಚಿ, ಎರಡು ತುದಿ ಹಿಡಿದು ಅಜ್ಜಿಯ ಬೆನ್ನುಜ್ಜುವಳು. ಅಜ್ಜಿ ಕಣ್ಣುಮುಚ್ಚಿ, ಇನ್ನೂ ಮೇಲೆ, ಇನ್ನೂ ಎಡಕ್ಕೆ, ಅನ್ನ ತಿಂದಿಲ್ವಾ ನೀನು ಎಂದು ಬೈಯುವಳು. ಹೊರಡುವಾಗ ಐಸ್‌ಕ್ರೀಂ ಡಬ್ಬಿಯ ತುಂಬ ಕೆಸುವಿನೆಲೆಯ ಗೊಜ್ಜು ಕೊಟ್ಟು ಕಳಿಸುವಳು.

ಒಪ್ಪಾಂಗ್ ಇದರಲ್ಲೇ ಅವಳಿಗೊಂದು ದಾರಿ ಮಾಡಿದ. ತಾಯಿಗೆ ಸರ್ಕಾರದ ಖರ್ಚಿನಲ್ಲಿ ಮನೆ ಶುಶ್ರೂಷೆಯ ಗಂಟೆಗಳು ಮಂಜೂರಾಗಿದ್ದವು. ಶುಶ್ರೂಷೆಗೆ ಜನ ಕಳಿಸುವ ಏಜೆನ್ಸಿಗೆ ಹೋಗಿ, ನಮಗೆ ಈ ಹುಡುಗಿಯೇ ಬೇಕು ಎಂದು ಹೆಸರು ಬರೆಸಿ ಬಂದ. ಸೆರ್ವಾಗೆ ಆ ಕೆಲಸ ಬೇಕೇ ಬೇಕಿತ್ತು. ಅದಿಲ್ಲದಿದ್ದರೆ ಮುಂದಿನ ವರ್ಷದ ಫೀಸಿಲ್ಲ, ಫೀಸಿಲ್ಲದಿದ್ದರೆ ಅರ್ಧ ಓದಿನ ಜೊತೆ ಕುಮಾಸಿಗೆ ವಾಪಸ್ಸು. ಆದರೆ ಓದಲು ಬಂದವರು ಕೆಲಸದ ಅನುಮತಿ ಕಾರ್ಡು ಕೈಗೆ ಬರುವ ಮುಂಚೆ ಕಾಲೇಜಿನ ಹೊರಗೆ ಕಡ್ಡಿ ಎತ್ತಿಡುವಂತಿಲ್ಲ. ಕಾರ್ಡಿಗೆ ಅರ್ಜಿ ಹಾಕಲು ಅವಳು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋದಳು.

ಅಲ್ಲಿನ ಹ್ಯಾಲಿನನ್ ಮೇಡಂ ಸಜ್ಜನ ಹೆಂಗಸು. ಈ ಕೆಲಸದ ಅನುಭವವೇನಾದರೂ ಇದೆಯೇ ಎಂದು ಸುಮ್ಮನೆ ಕೇಳಿದರು. ಸೆರ್ವಾ ಬೀಗಿದಳು. ಪ್ರತಿ ಶನಿವಾರ ನನ್ನ ಅಜ್ಜಿಗೆ ಸ್ನಾನ ಮಾಡಿಸುತ್ತೇನೆ, ಔಷಧಿ ಕೊಡುತ್ತೇನೆ, ಉಗುರು ಕತ್ತರಿಸುತ್ತೇನೆ ಎಂದಳು. ನಮ್ಮವರಲ್ಲಿ ತಲೆ ನೆರೆತ ಹೆಂಗಸರೆಲ್ಲ ಅಜ್ಜಿಯರೇ, ಅದರಲ್ಲಿ ಸುಳ್ಳೇನು ಬಂತು? ಮೇಡಂ ಪೆನ್ನು ಕೆಳಗಿಟ್ಟರು.

"ಈ ದೇಶದಲ್ಲಿ ಸಂಬಂಧಿಕರು ಯಾರೂ ಇಲ್ಲ ಅಂತ ಬರೆದಿದೀಯಲ್ಲಮ್ಮ. ದುಡ್ಡು ಕೊಡ್ತಾರಾ ಅವರು?"

"ಛೆ, ಇಲ್ಲ ಮೇಡಂ. ಊಟ ಕಟ್ಟಿಕೊಡ್ತಾರೆ, ಅಷ್ಟೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಡಂ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಸಂಬಳ ಸಿಗುವ ಕೆಲಸವನ್ನೇ ಊಟಕ್ಕೆ ಮಾಡಿದರೆ ಅದನ್ನೂ ಕೆಲಸವೆಂದು ಹಿಡಿಯಬಹುದು, ಹಿಡಿದರೆ ಕಾರ್ಡೂ ಇಲ್ಲ, ಓದೂ ಇಲ್ಲ ಎಂದು ತಗ್ಗಿದ ದನಿಯಲ್ಲಿ ತಿಳಿಸಿದರು. ನೋಡಿ ಮಾತಾಡಿಸಿಕೊಂಡು ಬರುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕಾರ್ಡು ಬರುವ ತನಕ ಕೈ ಮಾತ್ರ ಹಚ್ಚಬೇಡ ಎಂದು ಹೇಳಿ ಅರ್ಜಿ ಕಳಿಸಿದರು.

ಕೈ ಹಚ್ಚದೆ ಕೂರುವುದು ಹೇಗೆ? ಅಜ್ಜಿ ಬೆನ್ನು ತೋರಿಸಿದರೆ ತನ್ನ ಕೈ ತನ್ನ ಮಾತು ಕೇಳುವುದಿಲ್ಲವೆಂದು ಸೆರ್ವಾಗೆ ಗೊತ್ತಿತ್ತು. ಅತ್ತ ದರಿ, ಇತ್ತ ಪುಲಿ. ಅವಳು ಹೋಗುವುದನ್ನೇ ನಿಲ್ಲಿಸಿದಳು. ಫೋನಿನಲ್ಲಿ ಕಾರ್ಡಿನ ವಿಷಯ ವಿವರಿಸಲು ನೋಡಿದಳು. ಅಜ್ಜಿ ಕೊನೆಯ ತನಕ ಕೇಳಿ, "ಓಹೋ. ನನ್ನ ಬೆನ್ನು ತೊಳೆಯೋಕೆ ಸರ್ಕಾರ ಚೀಟಿ ಕೊಡ್ಬೇಕಾ?" ಎಂದು ಇಟ್ಟುಬಿಟ್ಟಳು. ಮುಂದಿನ ವಾರ ಸೆರ್ವಾ ಮಾಡಿದ ಫೋನನ್ನು ಎತ್ತಲಿಲ್ಲ.

ಹನ್ನೊಂದು ಶನಿವಾರ ಕಳೆದವು. ದಿನಾ ಬೆಳಿಗ್ಗೆ ಹಿಮ ಗೋರಿ, ಕಾರ್ಡು ಬಂತೇ ಎಂದು ಅಂಚೆ ಪೆಟ್ಟಿಗೆ ತೆಗೆದು ನೋಡುವುದೇ ಅವಳ ಪ್ರಾರ್ಥನೆಯಾಯಿತು. ಶನಿವಾರ ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಂತ್ರ ತಿರುಗುವುದನ್ನು ನೋಡುತ್ತ ಕೂರುತ್ತಿದ್ದಳು, ಅಲ್ಲಿ ಬೆಚ್ಚಗಿರುತ್ತಿತ್ತು, ನಾಲ್ಕು ಜನರಾದರೂ ಇರುತ್ತಿದ್ದರು. ಕೆಲವು ದಿನ ಅವಳ ಬಾಯಿಂದ ಹೊರಟ ಮಾತೆಂದರೆ ಬಸ್ಸಿನವನಿಗೆ ಹೇಳಿದ ಥ್ಯಾಂಕ್ಸ್ ಒಂದೇ. ನಡುವೆ ಒಮ್ಮೆ ಒಪ್ಪಾಂಗ್ ಫೋನು ಮಾಡಿದ. ಏಜೆನ್ಸಿ ಬೇರೊಬ್ಬಳನ್ನು ಕಳಿಸಿತ್ತಂತೆ.

"ಅಮ್ಮ ನೀರು ಕೊಟ್ಲು ತಂಗಿ. ಅವಳು, ನಮ್ಮ ಏಜೆನ್ಸಿ ರೂಲ್ಸಲ್ಲಿ ಇಲ್ಲ ಅಂತ, ಮುಟ್ಟಲಿಲ್ಲ. ಅಮ್ಮ ನಿಂತ ಕಾಲಲ್ಲೇ ಬಾಗಿಲು ತೋರಿಸಿದ್ಲು."

ಕಾರ್ಡು ಒಂದು ಗುರುವಾರ ಬಂತು. ಅದರಲ್ಲಿ ಸೆರ್ವಾಳ ಫೋಟೋ ಯಾರ ಮೇಲೋ ಸಿಟ್ಟಾದವಳಂತೆ ಇತ್ತು. ಏಜೆನ್ಸಿಯಲ್ಲಿ ಅವಳು ಎಲ್ಲದಕ್ಕೂ ಸಹಿ ಹಾಕಿದಳು: ಗ್ರಾಹಕರ ಮನೆಯಲ್ಲಿ ಅನ್ನ ನೀರು ಮುಟ್ಟುವುದಿಲ್ಲ, ಗಂಟೆ ಮುಗಿದ ಮೇಲೆ ಅಲ್ಲಿ ನಿಲ್ಲುವುದಿಲ್ಲ, ಕೆಲಸದ ದಿನ ಬಿಟ್ಟು ಅಲ್ಲಿಗೆ ಹೋಗುವುದಿಲ್ಲ. ಕಾರ್ಡಿಲ್ಲದಾಗ ಕೈ ಕಟ್ಟಿ ಕೂರುವ ಅತಿಥಿಯಾಗಿ ಹೋಗಬಹುದಿತ್ತು. ಈಗ ಕೂಲಿಯಾಗಿ ಮಾತ್ರ ಹೋಗಬಹುದು. ಮೊಮ್ಮಗಳಾಗಿ ಹೋಗಲು ಯಾವ ಕಚೇರಿಯಲ್ಲೂ ಫಾರ್ಮಿರಲಿಲ್ಲ.

ಶನಿವಾರ ನೀಲಿ ಅಂಗಿ ತೊಟ್ಟು, ಬಾಗಿಲಲ್ಲಿ ನಿಂತು ಫೋನಿನಲ್ಲಿ ಹಾಜರಿ ಒತ್ತಿದಳು. ಒಪ್ಪಾಂಗ್ ನಗುತ್ತ ಬಾಗಿಲು ತೆಗೆದು, ಹೊತ್ತಾಯಿತೆಂದು ಹಾಗೇ ಲಾರಿಗೆ ಹೊರಟುಹೋದ. ಅಜ್ಜಿ ಕಿಟಕಿಯ ಪಕ್ಕ ಕೂತಿದ್ದಳು. ಇವಳನ್ನೊಮ್ಮೆ, ಅಂಗಿಯನ್ನೊಮ್ಮೆ ನೋಡಿ, ನಾಲ್ಕು ಕಾಲಿನ ಊರುಗೋಲು ಹಿಡಿದು ಮೆಲ್ಲನೆ ಎದ್ದಳು. ಸೆರ್ವಾ ಹಿಡಿಯಲು ಓಡಿದಳು.

"ಕೂತ್ಕೊಳ್ಳಿ," ಎಂದಳು ಅಜ್ಜಿ.

ಅಡುಗೆಮನೆಗೆ ಹೋಗಿ ಬರಲು ಅವಳಿಗೆ ಆರೇಳು ನಿಮಿಷ ಹಿಡಿಯಿತು. ಬಲಗೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಲೋಟ; ಅರ್ಧ ನೀರು ತಟ್ಟೆಗೇ ಚೆಲ್ಲಿತ್ತು. ಸೆರ್ವಾಗೆ ಸಹಿ ಹಾಕಿದ ಹಾಳೆ ನೆನಪಾಯಿತು. ಲೋಟ ಎತ್ತಿ ಕೊನೆಯ ಹನಿಯ ತನಕ ಕುಡಿದಳು.

"ಇಲ್ಲಿ ಎಲ್ಲಾ ಕ್ಷೇಮ. ನೀವು ಬಂದ ಕಾರಣ ಹೇಳಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ 'ನೀವು' ಅವಳ ಎದೆಗೆ ನಾಟಿತು.

"ಕೆಟ್ಟದ್ದೇನೂ ಇಲ್ಲ ಅಜ್ಜಿ. ನಿಮಗೆ ಸ್ನಾನ ಮಾಡಿಸೋಕೆ ಬಂದೆ."

"ಎಷ್ಟು ಹೊತ್ತು?"

"ನಾಲ್ಕು ಗಂಟೆ."

"ಆಗಲಿ," ಎಂದಳು ಅಜ್ಜಿ.

ಬಚ್ಚಲಿನ ಮೊಳೆಯಲ್ಲಿ ಬಲೆ ತಾನು ನೇತುಹಾಕಿದ ಹಾಗೆಯೇ ಇತ್ತು, ಒಣಗಿ ಸೆಟೆದು. ಹನ್ನೊಂದು ವಾರ ಅದನ್ನು ಯಾರೂ ಮುಟ್ಟಿರಲಿಲ್ಲ. ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಬೆನ್ನಿಗೆ ಹಾಕಿದರೆ ಮಣ್ಣಿನಂತೆ ಕೊಳೆ ಎದ್ದು ಬಂತು, ಅಜ್ಜಿಯ ಕೈಗೆ ಎಟುಕದ ಜಾಗದಲ್ಲಿ ಅಂಗೈಯಗಲ ಚರ್ಮ ಕೆಂಪಗೆ ಒಡೆದಿತ್ತು. ಸೆರ್ವಾಗೆ ತನ್ನ ಮೇಲೂ, ಆ ಕಾರ್ಡಿನ ಮೇಲೂ, ಹಟಮಾರಿ ಮುದುಕಿಯ ಮೇಲೂ ಒಟ್ಟಿಗೇ ಸಿಟ್ಟು ಬಂತು. ಒಡೆದ ಜಾಗ ತಪ್ಪಿಸಿ ಉಜ್ಜಿದಳು. ಅಜ್ಜಿ ಮೇಲೆ ಅನ್ನಲಿಲ್ಲ, ಎಡಕ್ಕೆ ಅನ್ನಲಿಲ್ಲ. ಮೈ ಒರೆಸಿ, ಊರಿನ ಶಿಯಾ ಬೀಜದ ಬೆಣ್ಣೆ ಸವರಿ, ತಲೆ ಬಾಚಿ, ಔಷಧಿ ಕೊಡುವಷ್ಟರಲ್ಲಿ ಗಂಟೆ ಮುಗಿಯಿತೆಂದು ಫೋನು ಕೂಗಿತು. ಅಜ್ಜಿ ಬೆರಳಿನಿಂದ ಅದರ ಮೇಲೆ ಸಹಿ ಎಳೆದಳು. ಮೇಜಿನ ಮೇಲೆ ಗೊಜ್ಜಿನ ಡಬ್ಬಿ ಇರಲಿಲ್ಲ.

ಸೆರ್ವಾ ಹಾಜರಿ ಮುಗಿಸಿದಳು. ನೀಲಿ ಅಂಗಿ ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ ಹೋಗಿ ಅದೇ ಕುರ್ಚಿಯಲ್ಲಿ ಕೂತಳು.

"ನಾಲ್ಕು ಗಂಟೆ ಮುಗೀತಲ್ಲ?" ಎಂದಳು ಅಜ್ಜಿ.

"ಮುಗೀತು."

"ಮತ್ತೆ?"

ಸೆರ್ವಾಗೆ ಹೇಳಲು ಕಾರಣವಿರಲಿಲ್ಲ. ಹೊರಗೆ ಯಾರೋ ಹಿಮ ಗೋರುತ್ತಿದ್ದರು. ಊರುಗೋಲು ಪಕ್ಕದಲ್ಲೇ ಇತ್ತು, ಅಜ್ಜಿ ಅದನ್ನು ಮುಟ್ಟಲಿಲ್ಲ.

"ಬಾಯಾರಿದ್ರೆ ನಲ್ಲಿ ಎಲ್ಲಿದೆ ಗೊತ್ತಲ್ಲ ನಿಂಗೆ."

ಸೆರ್ವಾಗೆ ಬಾಯಾರಿರಲಿಲ್ಲ. ಎದ್ದು ಹೋಗಿ ನಲ್ಲಿ ತಿರುಗಿಸಿದಳು.