ಹಡಗು ಮುಳುಗಿಸುವ ಆಟ

೧೯೮೬ರಲ್ಲಿ ಗಲ್ಫಿನ ಎಣ್ಣೆ ಹಡಗಿನ ಕೆಲಸದಿಂದ ರಜೆಗೆ ಬಂದ ಚಾರ್ಲ್ಸ್ ಲೋಬೊ ಜೆಪ್ಪುವಿನ ಮನೆಗೆ ವಿಡಿಯೋ ಗೇಮ್ ತಂದಿದ್ದ. ಟೀವಿಗೆ ವಯರು ಸಿಕ್ಕಿಸಿ ಆಡುವಂಥದ್ದು. ವಿಮಾನ ಹತ್ತುವ ಗಡಿಬಿಡಿಯಲ್ಲಿ ಕೊಂಡದ್ದರಿಂದ ಒಳಗೆ ಎಂಥ ಆಟ ಉಂಟೆಂದು ಅವನೂ ನೋಡಿರಲಿಲ್ಲ.

ಹೆಂಡತಿ ಡುಲ್ಸಿನ್ ಶಾಲೆಯಲ್ಲಿ ಟೀಚರ್. ಇಂಥ ಆಟದಲ್ಲಿ ಬರೀ ಕೊಲ್ಲುವುದೇ ಅಂತೆ, ಮಕ್ಕಳು ಪ್ರಾರ್ಥನೆ ಮರೆಯುತ್ತಾರಂತೆ ಎಂದು ಇಗರ್ಜಿಯಲ್ಲಿ ಯಾರೋ ಹೇಳಿದ್ದರು. “ಮೊದಲು ನಾನು ನೋಡ್ತೇನೆ. ಆಡಬಹುದಾ ಬೇಡವಾ ಅಂತ ಮತ್ತೆ ಹೇಳ್ತೇನೆ” ಎಂದಳು.

ಭಾನುವಾರ ಪೂಜೆ ಮುಗಿಸಿ ಬಂದು ನಾಲ್ವರೂ ಟೀವಿಯ ಮುಂದೆ ಕೂತರು. ಪರದೆಯ ಮೇಲೆ ಹಡಗುಗಳು ಬರತೊಡಗಿದವು. ವಿಮಾನದಿಂದ ಅವುಗಳ ಮೇಲೆ ಬಾಂಬು ಹಾಕಬೇಕು. ಮಗ ಫಿಲಿಪ್‌ನ ಕೈಗೆ ಆಟ ಬೇಗನೆ ಒಗ್ಗಿತು. ಅವನಕ್ಕ ಕ್ರಿಸ್ಟಿನ್ ಚಪ್ಪಾಳೆ ತಟ್ಟಿದಳು.

ಡುಲ್ಸಿನ್‌ಗೆ ಸಮಾಧಾನವಾಯಿತು. “ರಕ್ತ ಇಲ್ಲ, ಸೈತಾನ ಇಲ್ಲ. ಸಂಜೆ ತೇರ್ಸ್ ಪ್ರಾರ್ಥನೆ ಆದ ಮೇಲೆ ಸ್ವಲ್ಪ ಹೊತ್ತು ಆಡಲಿ.”

“ಪಪ್ಪಾ, ಇದು ನಿಮ್ಮ ಹಡಗಿನ ಹಾಗೇ ಉಂಟು!” ಫಿಲಿಪ್ ಕೂಗಿದ. ಉದ್ದನೆಯ ಹಡಗಿಗೆ ಬಾಂಬು ಬಿತ್ತು. ಕೆಂಪು ಚುಕ್ಕೆಗಳೆದ್ದವು. ಕಡ್ಡಿಯಂಥ ಸಣ್ಣ ಮನುಷ್ಯರು ನೀರಿಗೆ ಹಾರಿದರು.

ಚಾರ್ಲ್ಸ್ ಎದ್ದು ವಯರು ಕಿತ್ತ. “ಈ ಆಟ ಬೇಡ.”

“ಎಂತಾಯ್ತು ಮಾರಾಯ್ರೇ? ತಂದದ್ದು ನೀವೇ ಅಲ್ವಾ?”

ಗಲ್ಫಿನಲ್ಲಿ ಯುದ್ಧ ನಡೆಯುವುದು ದೂರದಲ್ಲಿ, ನಮ್ಮ ಹಡಗಿನ ಕಡೆ ಎಂತ ಇಲ್ಲ ಎಂದೇ ಅವನು ಮನೆಯಲ್ಲಿ ಹೇಳಿಕೊಂಡು ಬಂದಿದ್ದ.

“ಸಮದ್ ಹೋದದ್ದು ಹೀಗೆಯೇ” ಎಂದ.

ಬೆಂಗ್ರೆಯ ಸಮದ್ ಚಾರ್ಲ್ಸ್‌ನ ಹಡಗಿನಲ್ಲೇ ಕೆಲಸಕ್ಕಿದ್ದವನು. ಹಿಂದಿನ ರಜೆಯಲ್ಲಿ ಈ ಮನೆಗೆ ಬಂದು ಮಕ್ಕಳೊಡನೆ ಕೇರಂ ಆಡಿದ್ದ.

“ಬಾಂಬು ಬಿದ್ದಾಗ ಇಬ್ಬರೂ ಹಾರಿದೆವು. ನೀರಿನ ಮೇಲೂ ಎಣ್ಣೆ ಉರಿಯುತ್ತಿತ್ತು. ಅವನ ಕೈ ಹಿಡಿದಿದ್ದೆ. ಜಾರಿತು.”

“ಅವನ ತಾಯಿಗೆ ಗೊತ್ತುಂಟಾ?” ಡುಲ್ಸಿನ್ ಕೇಳಿದಳು.

“ಕಾಣೆಯಾಗಿದ್ದಾನೆ ಅಂತ ಮಾತ್ರ ಕಂಪೆನಿಯವರು ಹೇಳಿದ್ದು. ತಾಯಿ ಇನ್ನೂ ಕಾಯ್ತಾ ಇದ್ದಾರೆ. ಅವರ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ.”

“ನೀವು ಪುನಃ ಅಲ್ಲಿಗೇ ಹೋಗುವುದಾ?” ಕ್ರಿಸ್ಟಿನ್ ಕೇಳಿದಳು. ಅವನು ಕಿತ್ತ ವಯರನ್ನು ಸುತ್ತಿ ಡಬ್ಬಿಗೆ ಹಾಕಿದ.

ಮಧ್ಯಾಹ್ನವೇ ಡುಲ್ಸಿನ್ ಅವನನ್ನು ಹೊರಡಿಸಿದಳು. ದೋಣಿಯಲ್ಲಿ ಹೊಳೆ ದಾಟಿ ಇಬ್ಬರೂ ಬೆಂಗ್ರೆಗೆ ಹೋದರು. ಅಂಗಳದಲ್ಲಿ ಮೀನು ಒಣಗಲು ಹಾಕುತ್ತಿದ್ದ ಸಮದ್‌ನ ತಾಯಿ ಚಾರ್ಲ್ಸ್‌ನ ಮುಖ ನೋಡಿಯೇ ಕೆಳಗೆ ಕೂತುಬಿಟ್ಟರು. ಅವನು ಎಲ್ಲವನ್ನೂ ಹೇಳಿದ. ಕೈ ಜಾರಿದ್ದನ್ನೂ ಹೇಳಿದ.

“ಒಬ್ಬನೇ ಇರಲಿಲ್ಲ ಅಲ್ವಾ?” ಎಂದಷ್ಟೇ ಕೇಳಿದರು ಆ ತಾಯಿ. ಆಮೇಲೆ ಡುಲ್ಸಿನ್‌ಳ ಹೆಗಲಿಗೆ ಒರಗಿ ಅತ್ತರು.

ರಜೆ ಮುಗಿದರೂ ಚಾರ್ಲ್ಸ್ ಹಡಗಿಗೆ ಮರಳಲಿಲ್ಲ. ದಕ್ಕೆಯಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿಗೆ ಸೇರಿಕೊಂಡ. ಫಿಲಿಪ್ ಮಾತ್ರ ಬಹಳ ದಿನ ಅಪ್ಪನ ಮುಖ ನೋಡಿ ಮಾತಾಡಲಿಲ್ಲ. ಆಟ ನಿಲ್ಲಿಸಿದ್ದಕ್ಕೆ ಸಿಟ್ಟಾ ಎಂದು ಡುಲ್ಸಿನ್ ಕೇಳಿದಾಗ ಹುಡುಗ ಮೆಲ್ಲಗೆ ಹೇಳಿದ: “ಆಟದಲ್ಲಿ ಅವರು ನೀರಿಗೆ ಹಾರುವಾಗ ನಾನು ನಗಾಡಿದೆ ಮಮ್ಮಿ.”